ಚಹಾ ಕುಡಿಯುವಷ್ಟರಲ್ಲಿ ಮಷಿನ್ ತಯಾರು!

"ಅಕ್ಕಾರ, ನಾ ಏನೂ ಮುಟ್ಟಿಲ್ರಿ. ದೇವರಾಣಿ ಮುಟ್ಟಿಲ್ರಿ."

ಪೊಲೀಸರ ಮುಂದೆ ನಿಂತವರಂತೆ ಎರಡೂ ಕೈ ಮೇಲೆತ್ತಿ ಕೂತಿದ್ದಳು ಆಕೆ. ನಾನು ಅವಳ ಮೌಸ್ ಅಲುಗಾಡಿಸಿದೆ. ಪರದೆಯ ಮೇಲಿನ ಬಾಣ ಕದಲಲಿಲ್ಲ.

ಹೋದ ಶನಿವಾರ ಖಾನಾಪುರದ ಕಾಲೇಜೊಂದರ ಲ್ಯಾಬಿನಲ್ಲಿ ನಡೆದದ್ದು. ಒಂದು ಬ್ಯಾಂಕಿನ ಕ್ಲರ್ಕ್ ಹುದ್ದೆಗೆ ಕಂಪ್ಯೂಟರಿನಲ್ಲೇ ಪರೀಕ್ಷೆ. ಮಷಿನ್ ಸಜ್ಜು ಮಾಡಿಕೊಡುವುದು ಬೆಳಗಾವಿಯ ನಮ್ಮ ಪುಟ್ಟ ಕಂಪನಿಯ ಕೆಲಸ. (ಅಂಕಣ ಬಿಟ್ಟು ಬೇರೇನು ಮಾಡುತ್ತೀರಿ ಎಂದು ಕೇಳುವ ಓದುಗರೇ, ಇದನ್ನೇ.) ಮುಂದಿನ ಸಾಲಿನಲ್ಲಿ ಕೈ ಎತ್ತಿ ಕೂತಿದ್ದವಳ ಹೆಸರು ರೇಣುಕಾ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಕಣಕುಂಬಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. "ಇದ ಕಡೀ ಸಲ್ರಿ, ಮುಂದಿನ ಸಲಕ್ಕ ವಯಸ್ಸು ದಾಟತೈತಿ" ಎಂದು ಬೆಳಿಗ್ಗೆಯೇ ಹೇಳಿಕೊಂಡಿದ್ದಳು.

ಸ್ವಲ್ಪ ತಾಂತ್ರಿಕ ಮಾತು, ಬೈಯಬೇಡಿ. ಇಲ್ಲಿ ಪ್ರತಿಯೊಬ್ಬರಿಗೂ ಒಂದು ವರ್ಚುವಲ್ ಮಷಿನ್. ಅಂದರೆ ಅವರೆದುರು ಇರುವುದು ಬರೀ ಪರದೆ, ಕೀಬೋರ್ಡು, ಮೌಸ್. ಕಂಪ್ಯೂಟರು ನಡೆಯುವುದು ಮೂಲೆಯ ಸರ್ವರಿನಲ್ಲಿ, ಅದರ ಸರಕೆಲ್ಲ ನೆಟ್‌ವರ್ಕಿಗೆ ಜೋಡಿಸಿದ ಒಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ. ಮೊದಲು ಒಬ್ಬೊಬ್ಬರಿಗೂ ಇಡೀ ಪ್ರತಿ ಮಾಡುತ್ತಿದ್ದೆವು. ದಿನವೆಲ್ಲ ಹಿಡಿಯುತ್ತಿತ್ತು. ಈ ಸಲ ಮೂಲ ಪ್ರತಿ ಒಂದೇ. ಎಲ್ಲರೂ ಅದನ್ನೇ ಓದುವುದು, ತಾವು ಬರೆದದ್ದನ್ನು ಮಾತ್ರ ಬೇರೆ ಇಟ್ಟುಕೊಳ್ಳುವುದು. ಚಹಾ ಕುಡಿಯುವಷ್ಟರಲ್ಲಿ ಇಡೀ ಲ್ಯಾಬ್ ತಯಾರು! ನಾನೂ ಬೀಗಿದ್ದೆ.

ಮುಂದಿನ ಸಾಲಿನವರು ಬರೆಯತೊಡಗಿದರು. ಎಲ್ಲ ಸರಿಯಿತ್ತು. ಕಾಯುತ್ತಿದ್ದ ಹಿಂದಿನವರಿಗೆ ಇನ್ನೂ ತಡವಾಗಬಾರದೆಂದು ಅವರ ಸಾಲುಗಳನ್ನೆಲ್ಲ ಒಟ್ಟಿಗೇ ಆನ್ ಮಾಡಿದೆ. ಅಷ್ಟೂ ಮಷಿನ್ ಒಂದೇ ಮೂಲ ಪ್ರತಿಗೆ ಮುಗಿಬಿದ್ದವು. ಪೆಟ್ಟಿಗೆಗೆ ಉಸಿರುಗಟ್ಟಿತು. ಹಿಂದಿನವರ ಪರದೆ ಕಪ್ಪಾಯಿತು. ಬರೆಯುತ್ತಿದ್ದ ಮುಂದಿನವರದ್ದೂ ಅಲ್ಲೇ ಗಪ್.

ಬಾಗಿಲಲ್ಲಿ ಅಭ್ಯರ್ಥಿಗಳ ಜೊತೆಗೆ ಬಂದವರ ಗುಂಪು ಸೇರಿತು. ಒಬ್ಬರು ಮರಾಠಿಯಲ್ಲಿ ಕೂಗಿದರು, ಇನ್ನೊಬ್ಬರು ಕನ್ನಡದಲ್ಲಿ: "ಪೇಪರ್ ಲೀಕ್ ಆಗೈತೇನ್ರಿ? ಖರೇ ಹೇಳ್ರಿ!" ಯಾರೋ ಬಾಗಿಲು ಗುದ್ದಿದರು.

ಬೆಳಗಾವಿಗೆ ಫೋನ್ ಹಚ್ಚಿದೆ. ನಮ್ಮ ಮ್ಯಾನೇಜರ್ ತಣ್ಣಗೆ ಅಂದರು, "ಅಂಜಬ್ಯಾಡ್ರಿ. ಎಲ್ಲಾ ಮಷಿನ್ ಡಿಲೀಟ್ ಹೊಡೀರಿ, ಹೊಸಾವು ಮಾಡ್ರಿ. ಪಟಾಪಟ್ ಆಗತಾವು."

"ಮುಂದಿನ ಸಾಲಿನವ್ರು ಬರದಾರ್ರಿ ಸರ್. ಉತ್ತರ ಅದರಾಗ ಅದಾವು."

"ಮತ್ತ ಬರೀತಾರ ಬಿಡ್ರಿ. ಮಂದಿ ಒಳಗ ನುಗ್ಗಿದ್ರ ಏನ್ ಮಾಡ್ತೀರಿ?"

ಹೌದು, ಏನು ಮಾಡಲಿ? ಎಲ್ಲ ಮಷಿನ್ ಸೆಲೆಕ್ಟ್ ಮಾಡಿಬಿಟ್ಟೆ. ‘ಖಚಿತವೇ?’ ಎಂದು ಸರ್ವರ್ ಕೇಳಿತು. ಬೆರಳು ಮೌಸಿನ ಮೇಲಿತ್ತು.

ಫೋನಿನ ಮಾತು ರೇಣುಕಾಗೆ ಕೇಳಿಸಿತೇನೋ. ಎದ್ದು ಬಂದು ಹಿಂದೆ ನಿಂತಿದ್ದಳು. "ಅರ್ಧಾ ಬರದೇನ್ರಿ ಅಕ್ಕಾರ. ಲೆಕ್ಕ ಎಲ್ಲಾ ಬರೋಬರಿ ಬಂದಾವ್ರಿ. ಅಳಸೂದಿಲ್ಲ ಹೌದಲ್ರಿ?"

"ಕುಂದರವ್ವಾ. ನಿಂದೇನೂ ತಪ್ಪಿಲ್ಲ" ಅಂದೆ. ಕ್ಯಾನ್ಸಲ್ ಒತ್ತಿದೆ. "ನಾ ಅಳಸೂದಿಲ್ರಿ ಸರ್" ಅಂದು ಫೋನ್ ಇಟ್ಟೆ.

ಪೆಟ್ಟಿಗೆಯ ಹೊರೆ ಇಳಿಯಲೆಂದು, ಕಪ್ಪಾಗಿದ್ದ ಮಷಿನ್‌ಗಳನ್ನಷ್ಟೇ ಒಂದೊಂದಾಗಿ ಬಂದ್ ಮಾಡಿದೆ. ಆಮೇಲೆ ಕಾಯುವುದು. ಪೆಟ್ಟಿಗೆಯೇ ಕೆಟ್ಟಿದ್ದರೆ? ಮೂಲ ಪ್ರತಿಯೇ ಹಾಳಾಗಿದ್ದರೆ ಎಲ್ಲರದ್ದೂ ಒಟ್ಟಿಗೇ ಹೋಯಿತಲ್ಲ? ಹೊರಗೆ ಗದ್ದಲ ಏರುತ್ತಲೇ ಇತ್ತು.

"ಬಂತ್ರಿ! ಅಕ್ಕಾರ, ಬಂತ್ರಿ!"

ರೇಣುಕಾಳ ಬಾಣ ಕದಲಿತ್ತು. ಓಡಿಹೋಗಿ ನೋಡಿದೆ. ಬರೆದ ಉತ್ತರಗಳೆಲ್ಲ ಹಾಗೇ ಇದ್ದವು. ಉಳಿದ ಮಷಿನ್‌ಗಳನ್ನು ಎರಡೆರಡಾಗಿ, ಹೆಜ್ಜೆ ಸಪ್ಪಳಕ್ಕೂ ಕೂಸು ಎಚ್ಚರಾದೀತೆಂದು ಅಂಜುವ ತಾಯಿಯ ಹಾಗೆ, ಮೆಲ್ಲಗೆ ಆನ್ ಮಾಡಿದೆ. ಕಳೆದುಹೋದ ಸಮಯವನ್ನು ಎಲ್ಲರಿಗೂ ಮರಳಿ ಕೊಡಿಸಿದೆವು. ಪರೀಕ್ಷೆ ತಡವಾಗಿ ಮುಗಿಯಿತು, ಆದರೆ ಮುಗಿಯಿತು. ರೇಣುಕಾ ನಮಸ್ಕಾರ ಮಾಡಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಅವಳಿಗೆ ಕೆಲಸ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಸೋಮವಾರ ಆಫೀಸಿನಲ್ಲಿ ಮ್ಯಾನೇಜರ್ ಬೈಯಲಿಲ್ಲ. "ಸುಮ್ಮನ ಟೆನ್ಶನ್ ಮಾಡ್ಕೊಂಡ್ರಿ" ಅಂದು ನಕ್ಕರು, ಅಷ್ಟೇ. ನನಗೆ ನಗು ಬರಲಿಲ್ಲ. ಮಷಿನ್ ಮಾಡುವುದು ಇಷ್ಟು ಸಲೀಸಾದ ಮೇಲೆ ಅಳಿಸುವುದಕ್ಕೆ ಯಾರು ಎರಡು ಸಲ ಯೋಚಿಸುತ್ತಾರೆ? ನಾನೇ ಒತ್ತಲು ಹೊರಟಿರಲಿಲ್ಲವೇ?

ಅಂದು ನಾನು ‘ಆಯ್ತ್ರಿ ಸರ್’ ಅಂದಿದ್ದರೆ, ಹೇಳಿ, ಆ ಉತ್ತರಗಳನ್ನು ಉಳಿಸಬಹುದಿತ್ತೆಂದು ಯಾರಿಗೆ ಗೊತ್ತಾಗುತ್ತಿತ್ತು?