ಮಾತ್ರೆ ಮತ್ತು ಮೊದಲ ಟೀ

ಇಂದ್ರಾಣಿ ಒಂದು ಟೀ ಗಿಡದ ಎಲೆ ಕಿತ್ತು ಮುಗಿಸುವಷ್ಟರಲ್ಲಿ ಪಕ್ಕದ ತೋಟದವರು ಇಡೀ ಸಾಲನ್ನೇ ಮುಗಿಸಿರುತ್ತಿದ್ದರು. ನೀಲಗಿರಿಯ ಕೆತ್ತಿ ಊರಲ್ಲಿ ಬಿಸಿಲು ಬಿದ್ದ ದಿನವೂ ಅವಳಿಗೆ ಚಳಿ. ಚರ್ಮ ಒಣಗಿ, ದನಿ ಗೊಗ್ಗರಾಗಿತ್ತು. ಬೆರಳುಗಳು ಬೇರೆ ಯಾರವೋ ಎನ್ನಿಸುತ್ತಿತ್ತು. ಕೀಳದೆ ಉಳಿದ ಚಿಗುರು ಬಲಿತು, ಫ್ಯಾಕ್ಟರಿಯವರು ಬೇಡವೆನ್ನತೊಡಗಿದ್ದರು.

ಅತ್ತೆ ಚಿಕ್ಕಿಯಮ್ಮನಿಗೆ ಇದು ಬರೀ ಸೋಮಾರಿತನ. ಕುಲದೇವಿ ಹೆತ್ತೆಯ ಹಬ್ಬದೊಳಗೆ ಕೈ ಚುರುಕಾಗದಿದ್ದರೆ ತೋಟವನ್ನು ನೆರೆಯ ಮಹಾಲಿಂಗಂಗೆ ಗುತ್ತಿಗೆ ಕೊಡುತ್ತೇನೆಂದು ಹೇಳಿಬಿಟ್ಟಿದ್ದರು. ಆ ತೋಟ ಬಿಟ್ಟರೆ ಇಂದ್ರಾಣಿಗೆ ತನ್ನದೆನ್ನುವ ಜಾಗ ಇರಲಿಲ್ಲ.

ಊಟಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಕೊಡುತ್ತಿಲ್ಲ ಎಂದರು. ಹಾಗಾದಾಗ ಆ ಗ್ರಂಥಿಯನ್ನು ಚುರುಕುಗೊಳಿಸುವ ಟಿಎಸ್‌ಎಚ್ ರಕ್ತದಲ್ಲಿ ಏರುತ್ತದೆ. ಮಾತ್ರೆ ಹಿಡಿದರೆ ಇಳಿಯಬೇಕು. ಇಳಿಯಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ಆಗಲೂ ಇಲ್ಲ. ಮಾತ್ರೆ ತಪ್ಪಿಸುತ್ತೀರಾ ಎಂದು ವೈದ್ಯರು ಕೇಳಿದರು. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಮನೆಯಲ್ಲಿ ಸೋಮಾರಿಯಾದವಳು ಇಲ್ಲಿ ಸುಳ್ಳುಗಾತಿಯೂ ಆದಳು.

ನರ್ಸ್ ಜೀವಿತಾ ಬೇರೆಯದನ್ನೇ ಕೇಳಿದಳು.

"ಯಾವುದರ ಜೊತೆ ನುಂಗ್ತೀರಕ್ಕಾ?"

"ಟೀ ಜೊತೆ. ಈ ಚಳೀಲಿ ತಣ್ಣೀರು ಯಾರು ಕುಡೀತಾರೆ?"

ಹಾಲಿನ ಟೀ ಜೊತೆ ನುಂಗಿದರೆ ದೇಹ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ, ಆಮೇಲೆ ಒಂದು ಗಂಟೆ ಏನೂ ತೆಗೆದುಕೊಳ್ಳಬಾರದು ಎಂದು ಜೀವಿತಾ ವಿವರಿಸಿದಳು.

ಆದರೆ ಬೆಳಗಿನ ಮೊದಲ ಲೋಟವನ್ನು ಒಲೆಯ ಬಳಿ ಚಿಕ್ಕಿಯಮ್ಮನೇ ಕೈಗೆ ಕೊಡುವುದು ಆ ಮನೆಯ ರೂಢಿ. ಹಿಂದಿನ ದಿನದ ಜಗಳ ಮುಗಿಯುತ್ತಿದ್ದುದೇ ಆ ಲೋಟದಲ್ಲಿ. ಮರುದಿನ ಇಂದ್ರಾಣಿ ಕೈ ಚಾಚಲಿಲ್ಲ.

"ಎಂಗ ತೋಟದ ಟೀ, ನಮ್ಮದೇ ಟೀ, ಈಗ ವಿಷವಾಯಿತಾ?"

"ಇಲ್ಲೆ ಮಾಮಿ, ಮಾತ್ರೆಗೆ ಆಗೋದಿಲ್ಲವಂತೆ. ಒಂದು ಗಂಟೆ ಬಿಟ್ಟು ಕುಡೀತೀನಿ."

ಚಿಕ್ಕಿಯಮ್ಮ ನಂಬಲಿಲ್ಲ. ದಿನವೂ ಲೋಟವನ್ನು ಅವಳ ಮುಂದಿಟ್ಟು, ಆರಿದ ಮೇಲೆ ಅಂಗಳಕ್ಕೆ ಚೆಲ್ಲುತ್ತಿದ್ದರು. ಮಾತು ನಿಂತಿತು. ಇಂದ್ರಾಣಿ ಶಾಲು ಹೊದ್ದು, ಆ ಬಿಸಿ ಪರಿಮಳದೆದುರು ನಡುಗುತ್ತ ಕೂತಿರುತ್ತಿದ್ದಳು.

ಹಬ್ಬಕ್ಕೆ ಮುಂಚಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿತ್ತು, ಸರಿಯಾದ ಮಟ್ಟಕ್ಕಲ್ಲ. ಕೈಯೂ ಅಷ್ಟೇ: ಮೊದಲಿಗಿಂತ ಚುರುಕು, ಪೂರ್ತಿಯಲ್ಲ. ಗುತ್ತಿಗೆ ಕೇಳಲು ಮಹಾಲಿಂಗಂ ಬಂದಾಗ ಅವಳು ಬುಟ್ಟಿ ಹಿಡಿದೇ ಬಾಗಿಲಲ್ಲಿ ನಿಂತಳು. ಚಿಕ್ಕಿಯಮ್ಮ ಬುಟ್ಟಿಯೊಳಗಿನ ಎಳೆ ಚಿಗುರನ್ನು ಕೈಯಲ್ಲಿ ತಿರುವಿ ನೋಡಿದರು. ಇವಳ ಇನ್ನೊಂದು ರಕ್ತ ಪರೀಕ್ಷೆ ಆಗಲಿ ಎಂದು ಅವನನ್ನು ವಾಪಸ್ ಕಳಿಸಿದರು; ಗುತ್ತಿಗೆ ಕೊಡುವುದಿಲ್ಲ ಎನ್ನಲಿಲ್ಲ.

ಮರುದಿನ ಇಂದ್ರಾಣಿ ಮಾತ್ರೆ ನುಂಗಿದಾಗ ಒಲೆಯ ಮೇಲೆ ನೀರಷ್ಟೇ ಇತ್ತು. ಚಿಕ್ಕಿಯಮ್ಮ ಟೀ ಪುಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ತಾವೂ ಕುಡಿಯದೆ.

"ಗಂಟೆ ಆದಾಗ ಹೇಳು," ಎಂದರು.