ಮಾಸ್ತರ ಲುಪ್ತೋಪಮೆ

ನಮ್ಮ ಕನ್ನಡ ಮಾಸ್ತರ ಮೂಗಿನ ತುದಿಗೆ ಸದಾ ಸೀಮೆಸುಣ್ಣ ಹತ್ತಿರುತ್ತಿತ್ತು. ಯೋಚನೆಗೆ ಬಿದ್ದರೆ ಮೂಗು ತಿಕ್ಕಿಕೊಳ್ಳುವ ಚಟ. ಎಪ್ಪತ್ತರ ದಶಕದ ಸಿಂದಗಿ. ಹತ್ತನೇ ಇಯತ್ತೆಯ ನಮಗೆ ಅಲಂಕಾರವೆಂದರೆ ಪರೀಕ್ಷೆಯಲ್ಲಿ ಬಿಟ್ಟುಬಿಡುವ ಪ್ರಶ್ನೆ. ಅವರು ಬಿಡಲು ಕೊಡಲಿಲ್ಲ.

ಉಪಮೆಗೆ ಉದಾಹರಣೆ ಕೇಳಿದಾಗ ನಾನು ಮುಖವನ್ನು ಚಂದ್ರನಿಗೆ ಹೋಲಿಸಿದೆ. "ಚಂದ್ರನ್ನ ಬಿಡು ತಂಗಿ. ಪಾಪ, ದುಡದು ದುಡದು ದಣದಾನ. ನಿಮ್ಮ ಮನ್ಯಾಗ ಏನೈತಿ ಅದನ್ನ ತಾ," ಅಂದರು. ಮರುದಿನ ನಮ್ಮವ್ವನ ಬೈಗುಳ ಜೋಳದ ಹೊಟ್ಟಿನಂತೆ ಮೈಯೆಲ್ಲ ತುರಿಸುತ್ತದೆ ಎಂದು ಬರೆದುಕೊಂಡು ಹೋದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದೆ ನಾನೂ ಕನ್ನಡ ಕಲಿಸುವವಳಾದದ್ದು ಆ ನಗುವಿನ ದೆಸೆಯಿಂದ.

ವರ್ಣಿಸುವ ವಸ್ತು, ಹೋಲಿಕೆಯ ವಸ್ತು, ಎರಡಕ್ಕೂ ಇರುವ ಗುಣ, 'ಅಂತೆ' ಎಂಬ ಪದ. ಉಪಮೆಯ ಈ ನಾಲ್ಕು ಅಂಗಗಳಲ್ಲಿ ಒಂದು ಕಾಣೆಯಾದರೂ ಅದು ಲುಪ್ತೋಪಮೆ. "ಹೇಳಾಂವ ಬಿಟ್ಟಿದ್ದನ್ನ ಕೇಳಾಂವ ತುಂಬಬೇಕು," ಎನ್ನುತ್ತಿದ್ದರು.

ನಾಲ್ಕೈದು ವರ್ಷಗಳ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬೇಕಾದ ವಸ್ತುವಿನ ಹೆಸರು ಬಾಯಿಗೆ ಬಾರದು, ಅದರಂಥ ಇನ್ನೊಂದರ ಹೆಸರು ಬರುತ್ತಿತ್ತು. "ಗಾಜಿನಂಗ" ಅಂದರೆ ಅವರ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುತ್ತಿದ್ದವರು, ನೀರಿನ ತಂಬಿಗೆ ತರುತ್ತಿದ್ದರು. ಒಂದು ಸಲ ಮಾತ್ರ ಅಕ್ಕಾರಿಗೂ ಅರ್ಥವಾಗದೆ ನನ್ನನ್ನು ಕರೆಸಿದರು. ಮಾಸ್ತರು ಹಿಂದಿನ ದಿನದಿಂದ ಒಂದೇ ಮಾತು ಹೇಳುತ್ತಿದ್ದರಂತೆ.

"ಹತ್ತಿಯಂಗ... ಬೆಳ್ಳಗ."

ಹಾಲು ತಂದೆವು, ಮೊಸರು ತಂದೆವು, ಧೋತರ ಹಿಡಿದು ತೋರಿಸಿದೆವು. ಪ್ರತಿ ಸಲವೂ ಗೋಡೆಯ ಕಡೆ ಮುಖ ತಿರುಗಿಸಿದರು. "ನೀ ಅವರ ಕಡೆ ಕಲತಾಕಿ ಅಲ್ಲೇನವಾ? ಏನ್ ಬೇಡಾಕತ್ತಾರ ಹೇಳು," ಅಂದರು ಅಕ್ಕಾರು. ನನಗೆ ಅಲಂಕಾರದ ಹೆಸರು ಗೊತ್ತಿತ್ತು, ಲಕ್ಷಣವೂ ಗೊತ್ತಿತ್ತು. ಬಿಟ್ಟುಹೋದದ್ದು ಏನೆಂದು ಗೊತ್ತಾಗಲಿಲ್ಲ. ಅಷ್ಟು ಕೈಲಾಗದವಳಾಗಿ ನಾನು ಯಾರ ಎದುರೂ ಕೂತವಳಲ್ಲ. ಆ ವಾರವೇ ಮಾಸ್ತರು ತೀರಿಕೊಂಡರು.

ಸತ್ತವರು ಇಷ್ಟಪಡುತ್ತಿದ್ದುದನ್ನು ಮೂರನೇ ದಿನ ಗೋರಿಯ ಮೇಲೆ ಎಡೆ ಇಡುವುದು ನಮ್ಮ ಕಡೆಯ ರೂಢಿ. ಅಕ್ಕಾರು ಬುಟ್ಟಿಯಿಂದ ಒಂದೊಂದೇ ತೆಗೆದರು. ಹಾಲು, ಮೊಸರು, ಬೆಣ್ಣೆ, ಅನ್ನ, ಚುರುಮುರಿ, ಒಣಕೊಬ್ಬರಿ, ಮಲ್ಲಿಗೆ, ಒಗೆದ ಧೋತರ. ಮನೆಯಲ್ಲಿದ್ದ ಬಿಳಿಯದನ್ನೆಲ್ಲ ಹೊತ್ತು ತಂದಿದ್ದರು. ಎಲ್ಲ ಇಟ್ಟಾದ ಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಇದರಾಗ ಯಾವುದಾರ ಒಂದು ಇರ್ತೈತಿ ಅಲ್ಲೇನವಾ?"

ಇರ್ತೈತ್ರಿ ಅಂದೆ. ಬೇರೇನು ಹೇಳಲಿ.