ಮಣ್ಣೊಳಗಿನ ಯುದ್ಧ

ನಮ್ಮ ಕಲಾ ಇತಿಹಾಸ ವಿಭಾಗದ ಸಾರ್ವಜನಿಕ ಉಪನ್ಯಾಸಗಳಿಗೆ ಸಾರ್ವಜನಿಕರು ಬರುವುದು ಅಪರೂಪ. ಹಾಗಾಗಿ ಎಂ.ಎ. ವಿದ್ಯಾರ್ಥಿಗಳಾದ ನಮ್ಮನ್ನೇ ಕೂರಿಸಿ, ಎದ್ದು ಹೋಗದಂತೆ ಹಾಜರಿ ಪುಸ್ತಕವನ್ನು ಕೊನೆಯಲ್ಲಿ ಕೊಡುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಎಲ್ಲರನ್ನೂ ಅಣಕಿಸುತ್ತಿದ್ದೆ. ಜಗಳೂರಿನ ನಮ್ಮ ಮೇಷ್ಟ್ರು ಕನ್ನಡಕ ಹಣೆಗೇರಿಸಿ "ಇಲ್ಲಿ ಗಮನಿಸಾದು ಏನಪ್ಪಾ ಅಂದ್ರೆ" ಎನ್ನುವುದನ್ನಂತೂ ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ನಮ್ಮೂರು ಹೊನ್ನಾಳಿಯಲ್ಲಿ ಅಪ್ಪನನ್ನು ಅಣಕಿಸಿ ಏಟು ತಿಂದಿದ್ದವನಿಗೆ ಇಲ್ಲಿ ಗೆಳೆಯರಿಂದ ಪುಕ್ಕಟೆ ಚಹಾ ಸಿಗುತ್ತಿತ್ತು.

ಕೊನೆಯ ವರ್ಷ ವೀರಗಲ್ಲುಗಳ ಕಾರ್ಯಾಗಾರ ನಡೆಯಿತು. ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಕಲ್ಲಿನ ಬಗ್ಗೆ ಜನರೆದುರು ಹತ್ತು ನಿಮಿಷ ಮಾತಾಡಬೇಕು. ಅದು ಒಪ್ಪಿಗೆಯಾದರೆ ಮಾತ್ರ ಪ್ರಬಂಧದ ವಿಷಯಕ್ಕೆ ಮೇಷ್ಟ್ರ ಸಹಿ. ಇಲ್ಲವಾದರೆ ಇನ್ನೊಂದು ವರ್ಷ ಅದೇ ಹಿಂದಿನ ಸಾಲು.

ನನ್ನದು ನ್ಯಾಮತಿ ಕಡೆಯ ಕಲ್ಲು. ಜೊತೆಗೆ ಓದುವ ಚನ್ನಗಿರಿಯ ಗೆಳೆಯ ಅಲ್ಲಿಗೆ ಯಾರದೋ ಮದುವೆಗೆ ಹೋದಾಗ ತೆಗೆದ ಫೋಟೊ ವಾಟ್ಸ್ಯಾಪ್‌ನಲ್ಲಿ ಬಂದಿತ್ತು. ನಾನು ಹೋಗಿ ನೋಡಲಿಲ್ಲ. ನೋಡುವುದೇನಿದೆ? ವೀರಗಲ್ಲೆಂದರೆ ಮೂರು ಪಟ್ಟಿಕೆ: ಕೆಳಗೆ ಯುದ್ಧ, ನಡುವೆ ಸತ್ತ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ.

ಆ ಶುಕ್ರವಾರ ಯಾಕೋ ಸಭಾಂಗಣ ತುಂಬಿತ್ತು. ಗೆಳೆಯ ಫೋಟೊವನ್ನು ಪರದೆಗೆ ಹಾಕಿದ. ನಾನು ಬಾಯಿ ತೆರೆದರೆ ಹೊರಬಂದದ್ದು ಮೇಷ್ಟ್ರ ದನಿ. ಹುಡುಗರು ನಕ್ಕರು, ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ನಗಲಿಲ್ಲ. ಗಾಬರಿಯಿಂದ ಮಾತು ಓಡಿಸಿದೆ: ಕೆಳಗಿನ ಪಟ್ಟಿಕೆಯಲ್ಲಿ ಕುದುರೆ ಏರಿದ ವೀರ, ಎತ್ತಿದ ಕತ್ತಿ, ಬಿದ್ದಿರುವ ಇಬ್ಬರು ವೈರಿಗಳು. ಇಬ್ಬರು ಕಡಿಮೆಯಾಯಿತೆನಿಸಿ ಮೂವರೆಂದೆ.

ಕರಪತ್ರದಲ್ಲಿ ತಮ್ಮೂರ ಹೆಸರು ನೋಡಿ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದರು.

"ಅದು ನಮ್ಮೂರ ಕೆರೆ ಏರಿ ಮೇಲಿನ ಕಲ್ಲು ಕಣಪ್ಪ. ನಾನು ಹುಟ್ಟಿದಾಗ್ಲಿಂದ ಕೆಳಗಿನ ಭಾಗ ಮಣ್ಣಾಗೆ ಹೂತೈತೆ. ಆ ಕುದುರೆ ನಿಂಗೆ ಹೆಂಗೆ ಕಾಣ್ತು?"

ಪರದೆಯತ್ತ ತಿರುಗಿದೆ. ಅಪ್ಸರೆಯರ ಕಾಲಡಿಯಲ್ಲೇ ಹುಲ್ಲು.

"ಸ್ವಲ್ಪ ಝೂಮ್ ಮಾಡೋ," ಎಂದೆ ಗೆಳೆಯನಿಗೆ.

ಮಾಡಿದ. ಹುಲ್ಲು ದೊಡ್ಡದಾಯಿತು.

ಇದ್ದ ಒಂದೇ ಬಾಗಿಲು ಜನರ ಹಿಂದಿತ್ತು.

"ಕಲ್ಲು ನೋಡಿದೀಯೇನಪ್ಪ?" ಮೇಷ್ಟ್ರು ಕೇಳಿದರು.

"ಇಲ್ಲ ಸಾರ್."

"ಮತ್ತೆ ಆ ಮೂರು ಜನ?"

"ನಾನೇ ಕೊಂದೆ ಸಾರ್."

ಈ ಸಲ ಸಭೆಯೇ ನಕ್ಕಿತು. ಇಳಿಯಲು ಹೊರಟೆ. "ಇನ್ನೂ ಆರು ನಿಮಿಷ ಐತೆ, ನಿಂತ್ಕ. ಕಂಡಿದ್ದಷ್ಟೇ ಹೇಳು," ಎಂದರು ಮೇಷ್ಟ್ರು.

ಎಣ್ಣೆಯ ಕಪ್ಪು, ಲಿಂಗದ ಮೇಲಿನ ಕುಂಕುಮ, ಒಂದು ಬಿರುಕು. ಅಲ್ಲಿಗೆ ನನ್ನ ಸರಕು ಮುಗಿಯಿತು. ಇನ್ನಾದರೂ ಇಳಿಯಲು ಬಿಡುತ್ತಾರೆಂದುಕೊಂಡೆ, ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ಕಲ್ಲನ್ನೇ ನೋಡಿದೆ.

"ಬಲಗಡೆ ಅಪ್ಸರೆ ವೀರನ್ನ ಹಿಡಿದಿಲ್ಲ ಸಾರ್," ಎಂದೆ. "ಅವನೇ ಅವಳ ತೋಳು ಗಟ್ಟಿಯಾಗಿ ಹಿಡ್ಕಂಡಾನೆ. ಹೋಗಾಕೆ ಹೆದರಿದಂಗೆ ಐತೆ."

ಮೇಷ್ಟ್ರು ಕನ್ನಡಕ ಇಳಿಸಿ ಬಹಳ ಹೊತ್ತು ಪರದೆ ನೋಡಿದರು. ಆದರೂ ಸಹಿ ಹಾಕಲಿಲ್ಲ. "ಹೋಗಿ ನೋಡ್ಕಂಡು ಬಾ. ಮುಂದಿನ ಶುಕ್ರವಾರ ಮತ್ತೆ ಇಲ್ಲೇ ನಿಲ್ಲು."

ಶಿಕ್ಷಕಿ ನನ್ನ ಹಾಳೆಯ ಹಿಂದೆ ಬಸ್ಸಿನ ಹೊತ್ತು ಬರೆದುಕೊಟ್ಟರು.

"ಊಟಕ್ಕೆ ನಮ್ಮನೆಗೇ ಬಾರಪ್ಪ. ಗುದ್ದಲಿ ಮಾತ್ರ ತರಬ್ಯಾಡ."